ಕೋಟಿನ ಜೇಬಿನ ಜೆರೇನಿಯಂ

ಬೋಲ್ನೆಸ್,
ಜೂನ್ ೨೮

ಪ್ರೀತಿಯ ಯೂಲ್ವಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಯೋನಾಸ್ ಗಟ್ಟಿಮುಟ್ಟಾಗಿದ್ದಾನೆ. ಅವನು ಹೇಳಿ ಬರೆಸಿದ ಕಾಗದವೂ ಇದಲ್ಲ. ಗೊತ್ತಾದರೆ "ಅಮ್ಮಾ, ನಿಂಗ್ಯಾಕೆ ಬೇಕಿತ್ತು ಇದೆಲ್ಲಾ?" ಅಂತ ಶುರು ಮಾಡುತ್ತಾನೆ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಗನನ್ನು ಬಿಟ್ಟುಹೋದ ಸೊಸೆಗೆ ಕಾಗದ ಬರೆದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಗಿಡದ ವಿಷಯದಿಂದಲೇ ಶುರು ಮಾಡುತ್ತೇನೆ.

ಹಿಲ್ಮಾಳ ಜೆರೇನಿಯಂ ಹೋಯಿತು.

ನಿನಗೆ ಗೊತ್ತಲ್ಲ, ನಮ್ಮ ಅಡುಗೆಮನೆ ಕಿಟಕಿಯ ಎಡಮೂಲೆಯಲ್ಲಿ ಇರುತ್ತಿದ್ದದ್ದು, ತೊಳೆದು ತೊಳೆದು ಮಾಸಿದ ಗುಲಾಬಿ ಬಣ್ಣದ ಹೂವಿನದು. ನನ್ನ ಅತ್ತೆ ಹಿಲ್ಮಾಳ ಕಿಟಕಿಯಿಂದ ಬಂದ ಗಿಡ. ಪ್ರತಿ ನವೆಂಬರಿನಲ್ಲಿ ನೆಲಮಾಳಿಗೆಗೆ ಇಳಿಸಿ, ಚಳಿಗಾಲವಿಡೀ ಆಗೊಮ್ಮೆ ಈಗೊಮ್ಮೆ ಒಂದು ಗುಟುಕು ನೀರು ಕೊಟ್ಟು, ಫೆಬ್ರವರಿಯಲ್ಲಿ ಬೆಳಕು ಮರಳಿದಾಗ ಮೇಲೆ ತಂದು, ಗಿಡ್ಡಗೆ ಕತ್ತರಿಸಿ, ಹೊಸ ಮಣ್ಣು ಹಾಕಿ ಸಾಕಿದ್ದೆ. ಕತ್ತರಿಸಿದ ಕಡ್ಡಿಗಳನ್ನು ಸಣ್ಣ ಕುಂಡಗಳಲ್ಲಿ ಊರಿ ಇಡುವುದು ವಾಡಿಕೆ. ಈ ವರ್ಷ ಒಂದನ್ನೂ ಊರಲಿಲ್ಲ. ಯಾರಿಗೆ ಕೊಡಲಿ ಅಂತ ಅನ್ನಿಸಿತು. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಎಸೆದೆ.

ಗಿಡ ಹೋದದ್ದು ನನ್ನ ಪೆದ್ದುತನದಿಂದ. ಮೇ ಕೊನೆಯ ಭಾನುವಾರ ಸಿಗ್ನೆಯನ್ನು ಕರೆದುಕೊಂಡು ಬರುತ್ತೇನೆ ಎಂದು ಯೋನಾಸ್ ಹೇಳಿದ್ದ. ಆ ಪುಟ್ಟಿ ಫೋನಿನಲ್ಲಿ "ಅಜ್ಜಿ, ಮೆಟ್ಟಿಲ ಮೇಲೆಲ್ಲಾ ಹೂವು ಇಟ್ಟಿರ್ತೀಯಾ? ಒಂದೂ ಮೆಟ್ಟಿಲು ಬಿಡಬಾರದು" ಅಂದಳು. ಬಿಟ್ಟೇನೆ? ಮನೆಯೊಳಗಿದ್ದ ಕುಂಡಗಳನ್ನೆಲ್ಲ ಹೊತ್ತು ತಂದು ಜೋಡಿಸಿದೆ. ಹಿಲ್ಮಾಳದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ. ಕೇಕಿನ ಮೇಲೆ ಕೆನೆ ಬಳಿಯುತ್ತಿದ್ದಾಗ ಯೋನಾಸನ ಫೋನು. "ಅಮ್ಮಾ, ವಾರ ಲೆಕ್ಕ ತಪ್ಪಿಬಿಟ್ಟೆ. ಈ ವಾರ ಸಿಗ್ನೆ ಯೂಲ್ವಾ ಹತ್ರ. ಅದೂ ಅಲ್ದೆ ಇವತ್ತು ತಾಯಂದಿರ ದಿನ ಅಲ್ವಾ..."

ತಾಯಂದಿರ ದಿನ ಮಗು ತಾಯಿಯ ಹತ್ತಿರ ಇರಬೇಕಾದದ್ದೇ. ಅದರಲ್ಲಿ ನಿನ್ನ ತಪ್ಪಿಲ್ಲ. ನಾನೂ "ಅಯ್ಯೋ, ಅದಕ್ಕೇನಂತೆ ಬಿಡು" ಅಂದೆ. ಅರ್ಧ ಕೇಕನ್ನು ಪಕ್ಕದ ಮನೆಯ ಸ್ಟಿಗ್ ತಿಂದ, ಉಳಿದರ್ಧ ನಾನು ತಿಂದು ಹೊಟ್ಟೆ ಕೆಡಿಸಿಕೊಂಡೆ.

ಕುಂಡಗಳನ್ನು ಮಾತ್ರ ಒಳಗೆ ತರಲಿಲ್ಲ. ಜೂನ್ ಮೊದಲ ವಾರದ ಕಬ್ಬಿಣದ ರಾತ್ರಿಗಳು ಮುಗಿಯುವ ತನಕ ಜೆರೇನಿಯಂ ಹೊರಗೆ ಮಲಗಬಾರದು, ಇಬ್ಬನಿಯೇ ಹೆಪ್ಪುಗಟ್ಟುವ ರಾತ್ರಿಗಳು ಅವು ಎಂದು ನಿನಗೆ ಪಾಠ ಹೇಳಿದವಳೇ ನಾನು. ಸ್ಟಿಗ್ ಬೇಲಿಯಾಚೆಯಿಂದ ಬಾಯಿ ಬಡಿದುಕೊಂಡ, "ಗುನ್‌ವೋರ್, ಇವತ್ತು ಚಳಿ ಕಚ್ಚತ್ತೆ! ಒಳಗಿಡೇ ಮಾರಾಯ್ತಿ, ಇಲ್ಲಾ ಹಳೇ ಬೆಡ್‌ಶೀಟಾದ್ರೂ ಹೊದಿಸು!" ನಿನ್ನ ಆಲೂಗಡ್ಡೆ ನೀನು ನೋಡಿಕೋ ಎಂದು ಅವನ ಬಾಯಿ ಮುಚ್ಚಿಸಿದೆ. ಮೆಟ್ಟಿಲು ಖಾಲಿ ಮಾಡಿದರೆ ಇನ್ನು ಯಾರೂ ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಹಟ, ಇನ್ನೇನು. ಬೆಳಿಗ್ಗೆ ನೋಡಿದರೆ ಎಲೆಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ನೈಟಿಯಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸ್ಟಿಗ್ ನೋಡಿದ, ತನ್ನ ಆಲೂಗಡ್ಡೆಯ ಕಡೆ ತಿರುಗಿಕೊಂಡ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

ಹೋದ ಅಕ್ಟೋಬರಿನಲ್ಲಿ ನಿನ್ನ ಸ್ಕೀ, ಪೆಟ್ಟಿಗೆ ಎಲ್ಲ ತೆಗೆದುಕೊಂಡು ಹೋಗಲು ಬಂದಿದ್ದೆಯಲ್ಲ. ಕೋಟು ಕೂಡ ಬಿಚ್ಚಲಿಲ್ಲ. ಕಾಫಿ ಕುಡಿಯುತ್ತೀಯಾ ಎಂದರೆ ಅರ್ಧ ಲೋಟ ಸಾಕು ಅಂದೆ. ನಾನು ಒಲೆಯ ಕಡೆ ತಿರುಗಿದೆ. ಹಿಂದಿನಿಂದ ಟಪ್ ಅಂತ ಸದ್ದಾಯಿತು. ಜೆರೇನಿಯಂ ಕಡ್ಡಿ ಮುರಿಯುವ ಸದ್ದು ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ, ಯೂಲ್ವಾ. ನೀನು ಅದನ್ನು ಕೋಟಿನ ಜೇಬಿಗೆ ಇಳಿಸಿದ್ದು ಕೆಟಲಿನ ಹೊಳಪಿನಲ್ಲಿ ಕಂಡಿತು. ನಾನು ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾ, ಇಲ್ಲದ ಚಮಚ ಹುಡುಕುತ್ತಾ, ನಿನಗೆ ಬೇಕಾದಷ್ಟು ಹೊತ್ತು ಕೊಟ್ಟೆ.

ಕೇಳಿದ್ದರೆ ಒಳ್ಳೆಯ ಕಡ್ಡಿಯನ್ನೇ ಕತ್ತರಿಸಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆ. ಆದರೆ ಕೇಳಿ ಪಡೆದದ್ದು ಬೇರು ಬಿಡುವುದಿಲ್ಲ, ಕದ್ದದ್ದೇ ಚಿಗುರುವುದು, ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿದರೂ ಗಿಡ ಉಳಿಯುವುದಿಲ್ಲ ಎಂದು ನಾನೇ ಕಲಿಸಿದ್ದೆನಲ್ಲ. ಮದುವೆಯಾದ ಹೊಸತರಲ್ಲಿ ನಾನು ಕೊಟ್ಟ ಬೇರೊಂದು ಗಿಡದ ಕಡ್ಡಿಗೆ ನೀನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ, ನಾನು "ಬಾಯ್ಮುಚ್ಚು, ಗಿಡ ಸಾಯತ್ತೆ!" ಎಂದು ಕಿರುಚಿದೆ. ಪಾಪ, ಈ ಹೆಂಗಸಿಗೆ ಹುಚ್ಚು ಅಂದುಕೊಂಡಿರಬೇಕು ನೀನು.

ನಾನೂ ಹಾಗೇ ಕದ್ದವಳು. ಹಿಲ್ಮಾಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಒಂದು ಸಲವೂ ನನ್ನ ಅಡುಗೆಯನ್ನು ಹೊಗಳಲಿಲ್ಲ. ಅವಳು ಸಾರು ಕಲಕುತ್ತಿದ್ದಾಗ ನಾನು ಕಡ್ಡಿ ಮುರಿದು ಜೇಬಿಗೆ ಹಾಕಿಕೊಂಡೆ. ಬಾಗಿಲು ದಾಟುವಾಗ ಮುದುಕಿ ತಿರುಗಿಯೂ ನೋಡದೆ, "ಗುನ್‌ವೋರ್, ಬಸ್ಸಲ್ಲಿ ಆ ಜೇಬಿನ ಮೇಲೆ ಕೂತ್ಕೋಬೇಡ" ಅಂದಳು. ಆವತ್ತಿನಿಂದ ನಾನು ಆ ಮನೆಯವಳಾದೆ.

ನಿನಗೂ ಅಂಥದ್ದೇನಾದರೂ ಹೇಳಬೇಕಿತ್ತು. ಅದರ ಬದಲು ಕಾಫಿ ಬಗ್ಗಿಸಿ ಕೊಟ್ಟೆ. ನೀನು ಹೋದ ಮೇಲೆ ಮುರಿದ ಜಾಗವನ್ನೇ ನೋಡುತ್ತಾ ಕೂತೆ. ಮರೆಯಬೇಕು ಎಂದುಕೊಂಡ ಮನೆಯಿಂದ ಯಾರೂ ಗಿಡ ಕದ್ದುಕೊಂಡು ಹೋಗುವುದಿಲ್ಲ. ಚಳಿಗಾಲವಿಡೀ ನನಗೆ ಅದೊಂದೇ ಸಮಾಧಾನ.

ನಿನ್ನ ಕಡ್ಡಿ ಬದುಕಿದೆ ಅಂತ ಸಿಗ್ನೆ ಬಾಯಿಬಿಟ್ಟಿದ್ದಾಳೆ. "ಅಮ್ಮನ ಕಿಟಕೀಲಿ ಒಂದು ಪಿಂಕ್ ಹೂವಿದೆ ಅಜ್ಜಿ, ಮುಟ್ಟಿದ್ರೆ ಬೈತಾಳೆ" ಅಂದಳು. ಅಂದರೆ ಹಿಲ್ಮಾಳ ಗಿಡ ಈಗ ನಿನ್ನ ಮನೆಯಲ್ಲಿ ಮಾತ್ರ ಇದೆ. ಒಂದು ಕಡ್ಡಿ ಕೊಡು ಎಂದು ನಾನು ಕೇಳುವ ಹಾಗಿಲ್ಲ. ಆದ್ದರಿಂದ ಶನಿವಾರ ರೈಲಿನಲ್ಲಿ ನಿನ್ನೂರು ಯಾವ್ಲೆಗೆ ಬರುತ್ತೇನೆ. ಏಲಕ್ಕಿ ಬನ್ನು ನಾನು ತರುತ್ತೇನೆ, ಕಾಫಿ ನೀನು ಮಾಡು. ಮಾಡುವಾಗ ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ನಿಂತರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಬೇಡ ಅನ್ನಿಸಿದರೆ ಉತ್ತರ ಬರೆಯಬೇಡ. ಅರ್ಥ ಮಾಡಿಕೊಳ್ಳುತ್ತೇನೆ. ಸುಳ್ಳು, ಅರ್ಥವಾದವಳ ಹಾಗೆ ನಟಿಸುತ್ತೇನೆ. ಮಿಡ್‌ಸಮ್ಮರ್ ಹಬ್ಬಕ್ಕೆ ಸ್ಟಿಗ್ ಜೊತೆ ಮೀನು, ಆಲೂಗಡ್ಡೆ ತಿಂದೆ. ಎಲ್ಲರ ಅಂಗಳದಲ್ಲೂ ಮಕ್ಕಳು ಹೂವಿನ ಕಿರೀಟ ಹಾಕಿಕೊಂಡು ಓಡಾಡುತ್ತಿದ್ದರು. ನನಗೆ ಸಿಗ್ನೆ ಬೇಕು, ಯೂಲ್ವಾ. ನೀನೂ ಬೇಕು. ನೀನೂ ಯೋನಾಸನೂ ಬೇರೆಯಾದಿರಿ, ಸರಿ. ನಾನಂತೂ ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ನಿನ್ನ,
ಗುನ್‌ವೋರ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ, ಸುಳ್ಳನ್ನು ಪೋಸ್ಟ್ ಮಾಡಲು ಮನಸ್ಸು ಬರಲಿಲ್ಲ. ಹಿಲ್ಮಾಳ ಜೆರೇನಿಯಂ ಹೋಗಿಲ್ಲ. ಕಪ್ಪಾದ ಕಾಂಡವನ್ನು ಬುಡದ ತನಕ ಕತ್ತರಿಸಿ ಇಟ್ಟಿದ್ದೆ, ಹೋದ ವಾರ ಮಣ್ಣಿನ ಹತ್ತಿರ ಹಸಿರು ಚಿಗುರು ಬಂದಿದೆ. ಸ್ಟಿಗ್‌ಗೂ ಹೇಳಿಲ್ಲ. ಹಾಗಾಗಿ ನನಗೆ ಕಡ್ಡಿ ಬೇಕಿಲ್ಲ. ಆದರೂ ಶನಿವಾರ ಬರಲೇ? ಬಂದರೆ ನೀನು ಬೆನ್ನು ತಿರುಗಿಸುವುದೂ ಬೇಡ.