ಆರು ಸೆಂಟಿನ ಹೆಲ್ಮಿ

ನವೆಂಬರ್ 8, ಶುಕ್ರವಾರ

ಆರಕ್ಕೇ ಶೆಡ್. ಚಳಿ ಬಿದ್ದ ಮೇಲೆ ಸಿಂಪಿ ಚೆನ್ನಾಗಿ ಮೈತುಂಬಿಕೊಂಡಿವೆ. ಮಧ್ಯಾಹ್ನದೊಳಗೆ ಚಿಪ್ಪಿನಿಂದ ಒಂಬತ್ತು ಗ್ಯಾಲನ್ ಮಾಂಸ ಬಿಡಿಸಿದೆ. ಚಾಕು ಒಮ್ಮೆ ಜಾರಿತು — ಗ್ಲೌಸ್ ಇತ್ತು, ಬದುಕಿಕೊಂಡೆ.

ಸಂಜೆ ಇವತ್ತಿನ ಎಣಿಕೆ ಬಂತು. ನನ್ನ ತಂಗಿ ಹೆಲ್ಮಿ 88 ಮತ ಹಿಂದೆ. ಮಂಗಳವಾರವೇ ಚುನಾವಣೆ ಮುಗಿದಿದೆ, ಅಂಚೆಯಲ್ಲಿ ಬಂದ ಮತಗಳನ್ನು ಇನ್ನೂ ಎಣಿಸುತ್ತಿದ್ದಾರೆ. ಉಳಿದಿರುವುದು ಸ್ವಲ್ಪವೇ. ನನ್ನ ಗಂಡ ವೆಸ್ ಫೋನ್ ಪಕ್ಕದಲ್ಲಿಟ್ಟುಕೊಂಡೇ ಸೂಪ್ ಕುಡಿದ.

"ಆರು ಸೆಂಟು," ಅಂದ.

"ಏನದು?"

"ನಿನ್ನ ತಂಗಿ. ಅವಳು ಗೆದ್ರೆ ಒಂದು ಡಾಲರ್ ಸಿಗೋ ಚೀಟಿ ಈಗ ಆರು ಸೆಂಟಿಗೆ ಹೋಗ್ತಿದೆ. ಅಂದ್ರೆ ನೂರಕ್ಕೆ ಆರು ಚಾನ್ಸು. ಜನ ದುಡ್ಡು ಹಾಕಿ ಹೇಳ್ತಿರೋದು ಕಣೆ, ಬರೀ ಬಾಯಿಮಾತಲ್ಲ."

ನಮ್ಮ ರಾಜ್ಯದ ರಾಜಧಾನಿ ಒಲಿಂಪಿಯಾದ ಸದನದಲ್ಲಿ ಎರಡೂ ಪಕ್ಷ ಸರಿಸಮ. ಬಹುಮತ ಈ ಒಂದು ಸೀಟಿನ ಮೇಲೆ ನಿಂತಿದೆ. ಅದಕ್ಕೇ ನಮ್ಮ ಕೊಲ್ಲಿಯ ಹೆಸರು ಕೇಳದವರೂ ಹೆಲ್ಮಿಯ ಮೇಲೆ ಬಾಜಿ ಕಟ್ಟುತ್ತಿದ್ದಾರೆ. ಇಪ್ಪತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ಆರು ಸೆಂಟಂತೆ.

ನವೆಂಬರ್ 9, ಶನಿವಾರ

ಹೆಲ್ಮಿ ನಮ್ಮ ಸೌನಾಕ್ಕೆ, ಹಬೆಸ್ನಾನಕ್ಕೆ ಬಂದಳು. ಕಾದ ಕಲ್ಲಿನ ಮೇಲೆ ನೀರು ಸುರಿದಳು.

"ಅಕ್ಕಾ, ಮಂಗಳವಾರ ನನ್ನೆದುರು ನಿಂತವನಿಗೆ ಫೋನ್ ಮಾಡಿ ನಾನು ಸೋತೆ ಅಂದ್ಬಿಡ್ತೀನಿ."

"ಎಣಿಕೆ ಮುಗಿದಿಲ್ಲವಲ್ಲೇ."

"ಐದಕ್ಕೆ ಇಳಿದಿದೆ. ಅಷ್ಟೂ ಜನ ದಡ್ಡರಾ? ಇನ್ನೂ ಹಟ ಹಿಡಿದು ಕೂತ್ರೆ ನಗೆಪಾಟಲು."

ಅವಳು ಸೋತೆನೆಂದರೆ ಅವಳಿಗಾಗಿ ಓಡಾಡುತ್ತಿರುವ ನಮ್ಮ ಹುಡುಗಿಯರೆಲ್ಲ ಮನೆಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಕೊಲ್ಲಿಗೆ ಒಂದು ಕ್ಲಿನಿಕ್ ತರುತ್ತೇನೆ, ಹೆರಿಗೆಗೆ ಎಪ್ಪತ್ತು ಮೈಲಿ ಓಡುವುದನ್ನು ತಪ್ಪಿಸುತ್ತೇನೆ ಅಂದಿದ್ದಳು. ಅವಳ ಮೊದಲ ಮಗು ಹೋದದ್ದು ಆ ದಾರಿಯಲ್ಲೇ. ಅದನ್ನು ಅವಳು ಭಾಷಣದಲ್ಲಿ ಒಮ್ಮೆಯೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಬೆನ್ನುಜ್ಜಿ ಕಳಿಸಿದೆ. ಇನ್ನೇನು ಮಾಡಲಿ.

ನವೆಂಬರ್ 12, ಮಂಗಳವಾರ

ದೇವರೇ. ಕೂತು ಬರೆಯಬೇಕು.

ಕೌಂಟಿಯ ಚುನಾವಣಾ ಕಚೇರಿಯಿಂದ ಪಟ್ಟಿ ಬಂತು — ಲಕೋಟೆಯ ಮೇಲಿನ ಸಹಿ ಹಳೆಯ ಸಹಿಗೆ ತಾಳೆಯಾಗದೆ ಪಕ್ಕಕ್ಕಿಟ್ಟ ಮತಗಳು. ಹೊಸದಾಗಿ ಸಹಿ ಮಾಡಿಕೊಟ್ಟರೆ ಎಣಿಸುತ್ತಾರೆ. ಇಪ್ಪತ್ತೈದರ ಸಂಜೆ ಕೊನೆ. ನಮ್ಮ ಕೊಲ್ಲಿಯ ಕಡೆಯವೇ 163.

ಓದುತ್ತಾ ಹೋದೆ. ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಯುಲಾಲಿಯಾ. ಅವಳ ಅಕ್ಕ. ಎರಡನೇ ಮೇಜಿನ ಮೂವರು. ತೂಕದ ಮೇಜಿನವನು... ಶೆಡ್ಡಿನೊಳಗೆ ಒಂದು ಸುತ್ತು ನಡೆದುಬಂದಂತಾಯಿತು. ಆಮೇಲೆ ಹೊಳೆಯಿತು. ಎಲ್ಲರೂ ಸಿಂಪಿ ಬಿಡಿಸುವವರು. ಹಳೆಯ ಸಹಿ ಅಂದರೆ ಡ್ರೈವಿಂಗ್ ಲೈಸೆನ್ಸಿನದು, ಹಾಕಿದ್ದು ಯಾವ ಕಾಲದಲ್ಲೋ. ಆಮೇಲೆ ಒಬ್ಬಳ ಹೆಬ್ಬೆರಳು ಕೊಯ್ದಿದೆ, ಒಬ್ಬಳ ಗಿಣ್ಣು ಊದಿದೆ, ಒಬ್ಬ ಎಡಗೈಯಲ್ಲಿ ಬರೆಯುತ್ತಾನೆ. ಸಹಿ ಹೇಗೆ ತಾಳೆಯಾದೀತು?

ಹೆಲ್ಮಿಗೆ ಫೋನ್ ಮಾಡಿದೆ. "ಅವನಿಗೆ ಮಾತ್ರ ಫೋನ್ ಮಾಡಿದ್ರೆ ನೋಡು."

"ಅರ್ಧ ಜನ ಸಹಿ ತಿದ್ದೋಕೇ ಬರಲ್ಲ ಅಕ್ಕಾ. ಎಲ್ಲ ಕಡೆ ಹಾಗೇ. ಆ ಲೆಕ್ಕ ಹಿಡಿದೇ ಐದು ಸೆಂಟು."

"ಬಾಜಿ ಕಟ್ಟೋರಿಗೆ ಇವರ ಮನೆ ಗೊತ್ತಾ? ನನಗೆ ಗೊತ್ತು. ಎರಡು ವಾರ ಸುಮ್ನಿರು, ಅಷ್ಟೇ ನಾನು ಕೇಳೋದು."

"ಹೂಂ" ಅಂದಳು.

ನವೆಂಬರ್ 13

ವೆಸ್ ಬೆಳಿಗ್ಗೆ ಬೆಣ್ಣೆ ಸವರುತ್ತಾ: "ಈ ಪಟ್ಟೀಲಿರೋರೆಲ್ಲ ಸಿಂಪಿ ಬಿಡಿಸೋರೇ ಅನ್ನೋ ಗುಟ್ಟು ಬಾಜಿ ಮಾರ್ಕೆಟ್ಟಿಗೆ ಗೊತ್ತಿಲ್ಲ ಅಲ್ವಾ? ಇವತ್ತು ಒಂದಿಷ್ಟು ಚೀಟಿ ಕೊಂಡಿಟ್ರೆ—"

"ಕೊಂಡ್ನೋಡು. ನಿನ್ನ ಕೈಯೂ ಮುರಿದು ಆ ಪಟ್ಟಿಗೆ ಸೇರುತ್ತೆ."

ಟ್ರಕ್ಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದು "ಹತ್ಕೋ, ಮೊದಲು ಯಾರ ಮನೆ?" ಅಂದ. ಒಳ್ಳೆಯವನೇ, ಪಾಪ.

ನವೆಂಬರ್ 19, ಮಂಗಳವಾರ

ಐದು ದಿನ ಬರೆದಿಲ್ಲ. ಶೆಡ್, ಮನೆ ಮನೆ, ಹಾಸಿಗೆ. ಯಾರಿಗೆ ಹಾಕಿದಿರಿ ಎಂದು ಯಾರನ್ನೂ ಕೇಳಲಿಲ್ಲ. 97 ಸಹಿ ಆಗಿದೆ. ಯುಲಾಲಿಯಾ ಊಟದ ಬಿಡುವಿನಲ್ಲೇ ಹನ್ನೊಂದು ಮಾಡಿಸಿದಳು. ಮೇಸ್ತ್ರಿ ಗುರ್ರೆಂದ. "ಬೇಕಾದ್ರೆ ಸಂಬಳ ಹಿಡ್ಕೋ," ಅಂದಳು. ಹಿಡಿಯಲಿಲ್ಲ.

ಇವತ್ತು ಲೆಂಪಿ ಅಜ್ಜಿಯ ಮನೆ. ಎಂಬತ್ತನಾಲ್ಕು. ನಲವತ್ತು ವರ್ಷ ಚಾಕು ಹಿಡಿದು ಈಗ ಬೆರಳು ಮಡಚುವುದೇ ಇಲ್ಲ. ಕಾಫಿ ಕೊಟ್ಟಳು, ಲೋಟವನ್ನು ಎರಡು ಅಂಗೈ ನಡುವೆ ಹಿಡಿದು.

"ನಾನು ನಾನೇ ಅಂತ ಈಗ ಸಾಬೀತು ಮಾಡ್ಬೇಕಾ?"

"ಒಂದು ಗುರುತು ಹಾಕಿದ್ರೆ ಸಾಕು ಅಜ್ಜಿ. ನಾವಿಬ್ಬರು ಸಾಕ್ಷಿ ಹಾಕ್ತೀವಿ."

"ಗುರುತು ಗಿರುತು ಬೇಡ. ಹೆಸರೇ ಬರೀತೀನಿ. ಕಾಯ್ತೀಯಾ?"

ಕಾದೆ. ಪೆನ್ನನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರ. ಮಧ್ಯೆ ಎರಡು ಸಲ ಕೈ ಇಳಿಸಿ ಸುಧಾರಿಸಿಕೊಂಡಳು. ವೆಸ್ ಕಿಟಕಿಯ ಕಡೆ ತಿರುಗಿ ನಿಂತ. ಕೊನೆಯ ಅಕ್ಷರ ಮುಗಿಸಿ "ಓದೋಕಾಗುತ್ತಾ?" ಅಂದಳು. ತಲೆಯಾಡಿಸಿದೆ.

ಟ್ರಕ್ಕಿನಲ್ಲಿ ವೆಸ್ ಫೋನ್ ತೆಗೆದ. "ಹದಿನಾಲ್ಕು ಸೆಂಟು," ಅಂದ. ಫೋನ್ ಜೇಬಿಗಿಟ್ಟು, "ತೀರಾ ಕಡಿಮೆ ಕಟ್ಟಿದ್ದಾರೆ," ಅಂದ.

ನವೆಂಬರ್ 22

37 ಮತ ಹಿಂದೆ. ಮಾರ್ಕೆಟ್ಟಿನಲ್ಲಿ 33 ಸೆಂಟು. ಯಾರೋ ಅಲ್ಲಿ ಕೇಳಿದ್ದಾರಂತೆ, ಈ ಕೊಲ್ಲಿಯಲ್ಲಿ ಏನು ನಡೀತಿದೆ ಎಂದು. ವೆಸ್ ಓದಿ ಹೇಳಿ ಬಿದ್ದು ಬಿದ್ದು ನಕ್ಕ. ಹೆಲ್ಮಿ ಇವತ್ತು ಹೊಟ್ಟೆ ತುಂಬ ಉಂಡಳು.

ನವೆಂಬರ್ 25, ಸೋಮವಾರ

152 ಸಹಿ ಆಯಿತು. ಇಬ್ಬರು ಊರಲ್ಲಿಲ್ಲ. ಒಬ್ಬ ತೀರಿಕೊಂಡಿದ್ದಾನೆ. ಎಂಟು ಜನ ಬಾಗಿಲು ತೆಗೆಯಲಿಲ್ಲ, ಅವರಿಷ್ಟ. ಕೊನೆಯ ಫಾರಂ ಕೊಟ್ಟಾಗ ಗಡಿಯಾರ ನಾಲ್ಕು ಐವತ್ತು. ಇನ್ನು ನಮ್ಮ ಕೈಯಲ್ಲಿಲ್ಲ.

ನವೆಂಬರ್ 26, ಸಂಜೆ 4.20

ಇವತ್ತು ಕೊನೆಯ ಎಣಿಕೆ. ಕೆಲಸಕ್ಕೆ ಹೋಗಿ ಅರ್ಧ ಗ್ಯಾಲನ್ ಬಿಡಿಸಿ ವಾಪಸ್ ಬಂದೆ. ಮನಸ್ಸು ನಿಲ್ಲುತ್ತಿಲ್ಲ. ಮಾರ್ಕೆಟ್ಟಿನಲ್ಲಿ ಎಷ್ಟಾಗಿದೆ ಎಂದು ವೆಸ್‌ನನ್ನು ಕೇಳಿದೆ. ನೋಡಿಲ್ಲವಂತೆ. ಫೋನ್ ಆಫ್ ಮಾಡಿ ಆಲೂಗಡ್ಡೆ ಸುಲಿಯುತ್ತಿದ್ದಾನೆ. ಐದು ಜನರಿಗಾಗುವಷ್ಟು ಸುಲಿದಾಗಿದೆ.

4.50

ಹೆಲ್ಮಿಯ ಫೋನ್. "ಅಕ್ಕಾ, ಒಂಬತ್ತು."

"ಹಿಂದೋ ಮುಂದೋ ಹೇಳೇ."

"ಮುಂದೆ. ಒಂಬತ್ತು ಮುಂದೆ ಅಕ್ಕಾ." ಅಳು. "ಮತ್ತೆ ಎಣಿಸ್ತಾರಂತೆ."

ಎಣಿಸಲಿ. ಹತ್ತು ಸಲ ಎಣಿಸಲಿ. ಒಂಬತ್ತೂ ಯಾರ ಮನೆಯವೆಂದು ಬೇಕಾದರೆ ನಾನೇ ತೋರಿಸುತ್ತೇನೆ. ಹೊರಗೆ ಹಾರ್ನ್ — ಶೆಡ್ಡಿನವರೆಲ್ಲ ಬಂದಿದ್ದಾರೆ, ಯುಲಾಲಿಯಾ ಏಪ್ರನ್ ಕೂಡ ಬಿಚ್ಚಿಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಅವಳಿಗೆ ಇನ್ನೂ ಯಾರೂ ಹೇಳಿ—