ಬಚ್ಚಲ ಹಿಂದಿನ ಓಕ್ ಮರ

ಆಷಾಢದ ಮೂವತ್ತೇಳನೇ ದಿನ, ೨೩೧೮
ಕಲ್ಮೇಡು, ಹಿಮಾಲಯ

ಹಿಂದಿನವರಿಗೆ,

ಆರು ವರ್ಷದಿಂದ ನನ್ನ ಸ್ನಾನದ ನೀರೆಲ್ಲ ಬಚ್ಚಲ ಹಿಂದಿನ ಓಕ್ ಮರಕ್ಕೆ ಹೋಗಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊನ್ನೆ ಎಲ್ಲರಿಗೂ ಗೊತ್ತಾಯಿತು.

ನಾನು ನಿಂಬೆವ್ವ, ಶಾಲೆ ಬಿಟ್ಟವಳು. ನಮ್ಮ ತಾರೀಖು, ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಬಯಲಿನ ಬಿಸಿಲು ತಾಳದೆ ನಮ್ಮ ಹಿರಿಯರು ಈ ಬೆಟ್ಟ ಹತ್ತಿದರು. ಅಂದಿನಿಂದ ಮಳೆ ಬರುವವರೆಗೂ ಆಷಾಢವನ್ನು ಎಳೆಯುತ್ತೇವೆ. ಇಲ್ಲಿ ಮರಕ್ಕೂ ನೀರ್ಪಾಲು ಉಂಟು, ಅಂದರೆ ಊರ ತೊಟ್ಟಿಯಿಂದ ಅದಕ್ಕೆಂದೇ ಬಿಡುವ ನೀರು. ಹೆಸರು ಗೊತ್ತಾದ ಮರಕ್ಕೆ ಮಾತ್ರ ಅದು ಸಿಗುತ್ತದೆ. ಗೊತ್ತಾಗದ್ದನ್ನು ಮಳೆ ನಿಂತ ಮೇಲೆ ಕಡಿಯುತ್ತಾರೆ.

ನನ್ನ ಮರದ ಕೆಳಗಿನ ಎಲೆಗಳ ಅಂಚಿನಲ್ಲಿ ಮುಳ್ಳಿದೆ, ಕೈ ತರಚುತ್ತದೆ. ತುದಿಯ ಎಲೆಗಳಲ್ಲಿ ಮುಳ್ಳೇ ಇಲ್ಲ. ಎರಡರ ಅಡಿಯಲ್ಲೂ ಕಂದು ಬಣ್ಣದ ನವಿರು ರೋಮ, ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಕೆಳಗಿನ ಇಳಿಜಾರಿನ ಬಾಂಜ್ ಓಕಿಗಾದರೆ ಎಲೆಯಡಿ ಬಿಳಿ. ಆದ್ದರಿಂದ ಇದು ಖರ್ಸು ಓಕ್ ಎಂದು ನನ್ನ ಎಣಿಕೆ. ಆದರೆ ಖರ್ಸುವಿನ ಬಗ್ಗೆ ನಮಗೆ ಉಳಿದಿರುವ ನಿಮ್ಮ ಕಾಲದ ಒಂದೇ ಪುಟದಲ್ಲಿ ಮುಳ್ಳಿನ ಮಾತೇ ಇಲ್ಲ.

ಮರಗಳಿಗೆ ಹೆಸರು ಬರೆಯುವ ಗುರಸಿದ್ದಣ್ಣ ಆ ಪುಟ ಹಿಡಿದು ನಕ್ಕ. “ಸಾಲಿ ಬಿಟ್ಟಾಕಿ, ಎರಡ ಗಿಡದ ಎಲಿ ತಂದು ಒಂದ ಅಂತೀಯಲ್ಲ!” ಅವನನ್ನು ಎಳೆದು ತಂದು ಮರ ತೋರಿಸಿದೆ. ತಲೆ ಕೆರೆದುಕೊಂಡ. ಇಂಥ ಎಲೆಯ ಮರದಲ್ಲಿ ಓಕಿನ ಕಾಯಿ ಕಂಡವರ ಸಾಕ್ಷಿಯಿಲ್ಲದೆ ಅವನು ಬರೆಯುವಂತಿಲ್ಲ. ನನ್ನ ಮರ ಇನ್ನೂ ಕಾಯಿ ಬಿಟ್ಟಿಲ್ಲ. “ಕಾಯಿ ಕಂಡೀನಿ ಅಂತ ಒಂದ ಮಾತ ಹೇಳವಾ, ಬರದಬಿಡ್ತೀನಿ” ಎಂದು ಮೆಲ್ಲಗೆ ಅಂದ. ಕೆಟ್ಟವನಲ್ಲ.

“ಕಂಡಿಲ್ಲ” ಅಂದೆ.

ಅವ್ವ ಬೈದಳು: “ಏನ್ ಕಡದು ಕಟ್ಟಿ ಹಾಕಿದಿ? ಗಿಡಾನೂ ಹೋತು, ಜಳಕಾನೂ ಹೋತು!”

ನನ್ನ ಸಿಟ್ಟು ಅವರ ಮೇಲಲ್ಲ, ನಿಮ್ಮ ಮೇಲೆ. ಆಗ ಇಂಥ ಮರಗಳು ಬೇಕಾದಷ್ಟಿದ್ದವು. ಬೆಳೆದು ನಿಂತದ್ದನ್ನಷ್ಟೇ ನೋಡಿ ಬರೆದು ಎದ್ದುಹೋದಿರಿ. ಇನ್ನಾದರೂ ಮರದ ಎಳೆತನವನ್ನೂ, ಆಗಿನ ಮುಳ್ಳೆಲೆಯನ್ನೂ ಬರೆಯಿರಿ. ಎಲೆಯನ್ನು ತಿರುಗಿಸಿ ನೋಡಿ.

ಮೇಲಿನ ಕಣಿವೆಯಲ್ಲಿ ಇಂಥವೇ ಹಳೆಯ ಮರಗಳಿವೆಯಂತೆ. ಮಳೆ ಹಿಡಿದಾಗ ಕಾಯಿ ಕೊಂಬೆಯಲ್ಲೇ ಮೊಳೆಯುತ್ತದಂತೆ. ಎರಡು ಬಗೆಯ ಎಲೆಯೂ ಕಾಯಿಯೂ ಒಂದೇ ಮರದಲ್ಲಿ ಕಂಡರೆ ಬಂದು ಸಾಕ್ಷಿ ಹೇಳುತ್ತೇನೆ. ಕಾಣದಿದ್ದರೆ ಅದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ಅವ್ವ ನೀರು ಹಾಕುತ್ತಾಳಂತೆ, ಬೈದುಕೊಂಡೇ.

ನಾಳೆ ಬೆಳಿಗ್ಗೆ ಹೊರಡುತ್ತೇನೆ.