ಹೋಂವರ್ಕಿನ ಎರಡು ವಾಕ್ಯ

ಮನೆಯಿಂದ
ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ತಂಗೀ,

ಹೇಗಿದ್ದೀಯ? ಮೊಣಕೈ ಮಡಚಲು ಬರುತ್ತಿದೆಯೇ? ಮೆಟ್ಟಿಲಲ್ಲಿ ಜಾರಿದೆ ಎಂದು ನೀನು ಫೋನಿನಲ್ಲಿ ಹೇಳಿದಾಗ, ಎಣ್ಣೆ ಹಚ್ಚಿಕೊ ಎಂದುಬಿಟ್ಟೆ. ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಲಾಂಡ್ರಿಯ ಮಹಡಿಯ ಮೇಲೆ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನಲ್ಲ, ಕಳೆದ ವಾರ ವಿರುದ್ಧಪದಗಳ ಪಾಠವಿತ್ತು. ಹ್ಯಾಪಿಗೆ ಮೊದಲು ಅನ್ ಸೇರಿಸಿದರೆ ಅನ್‌ಹ್ಯಾಪಿ, ಲೈಕ್‌ಗೆ ಡಿಸ್, ಪಾಸಿಬಲ್‌ಗೆ ಇಮ್. ಅವರಲ್ಲೊಬ್ಬ ಅಡುಗೆಯಾಕೆ, "ಟೀಚರ್, ನಮ್ಮ ಸೂಪರ್‌ವೈಸರ್‌ಗೆ ಅನ್ ಹಚ್ಚಿದ್ರೆ ಮಾಯ ಆಗ್ತಾನಾ?" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗುಂಡಿ ಹೊಲಿಯುವಾಕೆ. ನಿಮ್ಮ ಬಗ್ಗೆಯೇ ನಾಲ್ಕು ವಾಕ್ಯ ಬರೆದು ತನ್ನಿ ಎಂದೆ. ಅವಳು ಬರೆದಳು: ಐ ಆಮ್ ಅನ್‌ಹ್ಯಾಪಿ. ಐ ಡಿಸ್‌ಲೈಕ್ ಮೈ ಹೌಸ್. ಇನ್ನೆರಡು ಬರೆಯುವಷ್ಟರಲ್ಲಿ ಪುಸ್ತಕ ಗಂಡನ ಕೈಗೆ ಸಿಕ್ಕಿತು.

ನಿನ್ನೆ ಮಧ್ಯಾಹ್ನ ಅವನು ತರಗತಿಗೇ ನುಗ್ಗಿದ. "ಇದನ್ನ ಬರೆಸಿದ್ದು ಯಾರು?" ಎಂದು ಪುಸ್ತಕ ಎತ್ತಿ ಹಿಡಿದ. ನಾನೇ ಎಂದು ಹೇಳಬೇಕಿತ್ತು. ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತೆ, ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಅವನು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿಸಿ, ಬಲಗೈಯನ್ನು ಬಾಗಿಲ ಸಂದಿಗೆ ತುರುಕಿ, ಬಾಗಿಲನ್ನು ಒದ್ದ. "ಬರಿ ಈಗ, ಬರಿ" ಎನ್ನುತ್ತ ಮತ್ತೊಮ್ಮೆ ಒದ್ದ. ಇಷ್ಟು ವರ್ಷ ಪದ್ಯ ಓದಿದ ನನಗೆ ಆ ಸದ್ದಿಗೊಂದು ಹೋಲಿಕೆ ಹೊಳೆಯಲಿಲ್ಲ. ಅಡುಗೆಯಾಕೆ ಸ್ಟೂಲು ಎತ್ತಿ ಅವನ ಬೆನ್ನಿಗೆ ಬಾರಿಸಿದಳು. ತಿರುಗಿದವನ ಮುಖಕ್ಕೆ ಇನ್ನೊಂದು. ಮೂಗಿನಿಂದ ರಕ್ತ ಸುರಿಸುತ್ತ ಓಡಿದ. ಇವಳ ಮೂರು ಬೆರಳು ಮುರಿದಿವೆ, ಒಂದರ ಮೂಳೆ ಹೊರಗೇ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ, "ಗಾಳಿಗೆ ಬಾಗಿಲು ಬಡೀತು ಸಾರ್" ಎಂದಳು. ತಂಗೀ, ಅದು ಫೋನಿನಲ್ಲಿ ನಾನು ಕೇಳಿದ ನಿನ್ನದೇ ದನಿ. ಆಗ ನಾನು ಬಾಯಿ ಬಿಟ್ಟೆ. ಗಾಳಿಯಲ್ಲ, ಗಂಡ, ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಪೊಲೀಸರಿಗೂ ಅದನ್ನೇ ಬರೆದುಕೊಟ್ಟೆ. ಅವನನ್ನು ಹಿಡಿದಿದ್ದಾರೆ.

ನಿನ್ನ ತಲೆ ಸವರಿ ಎಷ್ಟು ದಿನವಾಯಿತು. ಇನ್ನು ಯಾವ ಕೈಯೂ ನಿನ್ನ ಮೇಲೆ ಏಳದಿರಲಿ.

ನಿನ್ನ ಅಕ್ಕ

ವಿ.ಸೂ.: ಅಂಚೆಗೆ ಹಾಕಿದರೆ ನಿನ್ನ ಗಂಡನೇ ಮೊದಲು ಒಡೆಯುತ್ತಾನೆ, ಅದಕ್ಕೆ ಕಾಗದವನ್ನು ನಾನೇ ತಂದಿದ್ದೇನೆ. ಅವನು ಕೆಲಸಕ್ಕೆ ಹೊರಟಿದ್ದನ್ನು ನೋಡಿಕೊಂಡೇ ನಿನ್ನ ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಕೆಳಗೆ ಟ್ಯಾಕ್ಸಿಯಲ್ಲಿದ್ದೇನೆ, ಜೊತೆಗೊಬ್ಬ ಮಹಿಳಾ ಪೇದೆ ಇದ್ದಾಳೆ. ಮೇಲೆ ಬಂದರೆ ನೀನು ಕಾಫಿ ಕೊಟ್ಟು, ಏನೂ ಇಲ್ಲಕ್ಕ ಎಂದು ನಗುತ್ತೀಯ, ನಾನೂ ನಂಬಿಬಿಡುತ್ತೇನೆ. ಬಟ್ಟೆ ಕಟ್ಟಬೇಡ, ಚಪ್ಪಲಿ ಹುಡುಕಬೇಡ. ಇಳಿದು ಬಾ.